ಸೆರೆಂಡಿಪಿಟಿ ಎಂಬ ಪದ: ಅದೃಷ್ಟಕ್ಕಿಂತ ಎಷ್ಟು ಬೇರೆ?

ತುಂಗಾತೀರದ ಉಪನ್ಯಾಸಕಿ:

ಮಾನ್ಯರೇ, ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕಳೆದ ವಾರ ಮಕ್ಕಳಿಗೆ ಓದಲು ಕೊಟ್ಟ ಲೇಖನವೊಂದರಲ್ಲಿ ‘ಸೆರೆಂಡಿಪಿಟಿ’ ಎಂಬ ಪದ ಬಂದಿತ್ತು. ಅರ್ಥವನ್ನು ನಿಘಂಟಿನಲ್ಲಿ ನೋಡಿಕೊಂಡು, ಸ್ವಂತ ವಾಕ್ಯದಲ್ಲಿ ಬಳಸಿಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದೆ. ಮರುದಿನ ಬಂದ ವಾಕ್ಯಗಳನ್ನು ನೋಡಿದರೆ, ಬಹುತೇಕ ಎಲ್ಲರೂ ‘ಅದೃಷ್ಟ’ ಎಂಬ ಪದವಿರಬೇಕಾದ ಕಡೆ ಇದನ್ನು ತಂದು ಕೂರಿಸಿದ್ದರು. ಒಬ್ಬನಿಗೆ ಸೆರೆಂಡಿಪಿಟಿಯಿಂದ ಲಾಟರಿ ಹೊಡೆದಿತ್ತು (ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿಯೇ ಇಲ್ಲವೆಂಬುದು ಬೇರೆ ಮಾತು), ಇನ್ನೊಬ್ಬಳಿಗೆ ಸೆರೆಂಡಿಪಿಟಿಯಿಂದ ಬಸ್ಸು ತಪ್ಪಿತ್ತು, ಮೂರನೆಯವನು ಅದರ ದಯೆಯಿಂದಲೇ ಗಣಿತದಲ್ಲಿ ಪಾಸಾಗಿದ್ದ.

ಮೂರೂ ಸರಿಯಲ್ಲವೆಂದು ನನಗೆ ಅನ್ನಿಸಿತು. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಏಕೆ ಸರಿಯಲ್ಲವೆಂದು ಕೇಳಿದಾಗ, “ಅದು ಅದೃಷ್ಟಕ್ಕಿಂತ ಸ್ವಲ್ಪ ಬೇರೆ” ಎಂದಷ್ಟೇ ಹೇಳಲು ನನ್ನಿಂದ ಸಾಧ್ಯವಾಯಿತು. “ಎಷ್ಟು ಬೇರೆ ಮೇಡಂ?” ಎಂದು ಅವಳು ಮತ್ತೆ ಕೇಳಿದಳು. ಸೋಮವಾರದ ತರಗತಿಗೆ ಮುನ್ನ ಆ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಳ್ಳಬೇಕಾಗಿದೆ. ಪದದ ಮೂಲ, ಸರಿಯಾದ ಬಳಕೆ ಮತ್ತು ಸಾಧ್ಯವಾದರೆ ಕನ್ನಡದ ಸಮಾನಪದ, ಈ ಮೂರರ ಬಗ್ಗೆ ತಿಳಿದವರು ದಯವಿಟ್ಟು ಬರೆಯಬೇಕು.

ಹಳೆಯ ಗ್ರಂಥಪಾಲಕ:

ಮೇಡಂ, ಹೆಚ್ಚಿನ ಪದಗಳ ಹುಟ್ಟಿದ ದಿನ ಯಾರಿಗೂ ಗೊತ್ತಿರುವುದಿಲ್ಲ. ಈ ಪದದ ಜಾತಕ ಮಾತ್ರ ನಮ್ಮ ಕೈಯಲ್ಲಿದೆ. 1754ರ ಜನವರಿ 28ರಂದು ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ ಎಂಬ ಲೇಖಕ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬ್ರಿಟಿಷ್ ರಾಜಪ್ರತಿನಿಧಿಯಾಗಿದ್ದ ತನ್ನ ಗೆಳೆಯ ಹೊರೇಸ್ ಮ್ಯಾನ್‌ಗೆ ಬರೆದ ಪತ್ರದಲ್ಲಿ ಇದನ್ನು ಮೊದಲ ಬಾರಿಗೆ ಬಳಸಿದ. ಮ್ಯಾನ್ ಅವನಿಗೆ ಬಿಯಾಂಕಾ ಕಪೆಲ್ಲೋ ಎಂಬ ರಾಣಿಯ ಚಿತ್ರಪಟವೊಂದನ್ನು ಉಡುಗೊರೆಯಾಗಿ ಕಳುಹಿಸಿದ್ದ. ವೆನಿಸ್ ನಗರದ ಮನೆತನಗಳ ಲಾಂಛನಗಳ ಹಳೆಯ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಾಗ ವಾಲ್‌ಪೋಲ್‌ಗೆ ಆ ರಾಣಿಯ ಮನೆತನಕ್ಕೂ ಫ್ಲಾರೆನ್ಸಿನ ಮೆಡಿಚಿ ಅರಸರಿಗೂ ಇದ್ದ ಸಂಬಂಧದ ಗುರುತೊಂದು ಕಣ್ಣಿಗೆ ಬಿತ್ತು. ಈ ಬಗೆಯ ಶೋಧಗಳಿಗೆ ತಾನು ‘ಸೆರೆಂಡಿಪಿಟಿ’ ಎಂಬ ಹೆಸರಿಟ್ಟಿರುವುದಾಗಿ ಅವನು ಗೆಳೆಯನಿಗೆ ತಿಳಿಸಿ, ಹೆಸರು ಎಲ್ಲಿಂದ ಬಂತು ಎಂಬುದನ್ನೂ ವಿವರಿಸಿದ. ‘ಸೆರೆಂಡಿಪ್ಪಿನ ಮೂವರು ರಾಜಕುಮಾರರು’ ಎಂಬ, ಅವನ ಮಾತಿನಲ್ಲೇ ಹೇಳುವುದಾದರೆ ಪೆದ್ದು ಕಟ್ಟುಕಥೆಯೊಂದರಲ್ಲಿ, ಆ ಕುಮಾರರು ದಾರಿಯುದ್ದಕ್ಕೂ ತಾವು ಅರಸುತ್ತಿರದ ಸಂಗತಿಗಳನ್ನು ಆಕಸ್ಮಿಕದಿಂದ ಮತ್ತು ಸೂಕ್ಷ್ಮಬುದ್ಧಿಯಿಂದ ಕಂಡುಹಿಡಿಯುತ್ತ ಹೋಗುತ್ತಾರೆ.

ತಮ್ಮ ವಿದ್ಯಾರ್ಥಿನಿಗೆ ಬೇಕಾದ ಉತ್ತರ ಈ ಕೊನೆಯ ವಾಕ್ಯದಲ್ಲೇ ಇದೆ. ಅಲ್ಲಿ ಮೂರು ಷರತ್ತುಗಳಿವೆ: ಸಿಕ್ಕಿದ್ದು ಹುಡುಕುತ್ತಿದ್ದ ವಸ್ತುವಾಗಿರಬಾರದು, ಅದು ಎದುರಿಗೆ ಬಂದದ್ದು ಆಕಸ್ಮಿಕವಾಗಿರಬೇಕು, ಎದುರಿಗೆ ಬಂದದ್ದು ಏನೆಂದು ಗುರುತಿಸುವ ಬುದ್ಧಿ ಕಂಡವನಲ್ಲಿರಬೇಕು. ಲಾಟರಿಯ ವಾಕ್ಯ ಮೊದಲನೆಯ ಮತ್ತು ಮೂರನೆಯ ಷರತ್ತುಗಳಲ್ಲಿ ಸೋಲುತ್ತದೆ, ಏಕೆಂದರೆ ಹಣ ಬರಲೆಂದೇ ಟಿಕೆಟು ಕೊಂಡದ್ದು, ಮತ್ತು ಅದು ಬರುವುದಕ್ಕೆ ಯಾವ ಬುದ್ಧಿಯೂ ಬೇಕಾಗಲಿಲ್ಲ. ಬಸ್ಸು ತಪ್ಪಿದ್ದರಲ್ಲಿ ದೊರಕಿದ್ದೇ ಏನೂ ಇಲ್ಲ. ಗಣಿತದ ಹುಡುಗನನ್ನು ಏನು ಮಾಡಬೇಕೋ ತಾವೇ ನಿರ್ಧರಿಸಬೇಕು.

ಪದಮೋಹಿ:

ಗ್ರಂಥಪಾಲಕರ ಮಾತಿಗೆ ಊರಿನ ಹೆಸರಿನ ಕಥೆಯನ್ನು ಸೇರಿಸಲು ಅನುಮತಿ ಕೋರುತ್ತೇನೆ, ಏಕೆಂದರೆ ಕನ್ನಡ ಓದುಗರಿಗೆ ಈ ಪದದಲ್ಲಿ ಹತ್ತಿರವಾದದ್ದು ಅದೇ. ‘ಸೆರೆಂಡಿಪ್’ ಎಂದರೆ ಶ್ರೀಲಂಕಾ. ಸಂಸ್ಕೃತದ ‘ಸಿಂಹಳದ್ವೀಪ’ ಪಾಳಿಯಲ್ಲಿ ‘ಸೀಹಳದೀಪ’ವಾಯಿತು. ಹಡಗಿನ ವ್ಯಾಪಾರಿಗಳ ಬಾಯಲ್ಲಿ ಸಾಗುತ್ತ, ನಡುವಿನ ಳಕಾರ ರಕಾರವಾಗಿ, ‘ದ್ವೀಪ’ವು ‘ದೀಬ್’ ಆಗಿ, ಅರಬ್ಬಿ ಮತ್ತು ಪಾರಸಿ ಭಾಷೆಗಳಲ್ಲಿ ಅದು ‘ಸರಂದೀಬ್’ ಎಂದು ನೆಲೆಗೊಂಡಿತು. 4ನೆಯ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಆ ದ್ವೀಪದವರನ್ನು ‘ಸೆರೆಂಡಿವಿ’ ಎಂದು ಕರೆದಿದ್ದಾನೆ. ಆದ್ದರಿಂದ ಈ ರೂಪ ಬಹಳ ಹಳೆಯದು. ಪೋರ್ಚುಗೀಸರ ಮೂಲಕ ಬಂದ ‘ಸಿಲೋನ್’ ಕೂಡ ಅದೇ ‘ಸೀಹಳ’ದ ಇನ್ನೊಂದು ಕವಲು. ನನ್ನ ವಯಸ್ಸಿನವರು ಬುಧವಾರದ ರಾತ್ರಿಗಳಲ್ಲಿ ರೇಡಿಯೊ ಸಿಲೋನಿಗೆ ಕಿವಿಗೊಟ್ಟು ಕುಳಿತಿದ್ದಾಗ, ಇಂಗ್ಲಿಷಿನ ಇಷ್ಟು ಚೆಲುವಾದ ಪದವೊಂದರ ತವರಿನಿಂದ ಹಾಡು ಕೇಳುತ್ತಿದ್ದೇವೆಂದು ನಮಗೆ ಗೊತ್ತಿರಲಿಲ್ಲ.

ಹಾಗಾಗಿ ಮೇಡಂ, ಆ ಉದ್ದನೆಯ ಇಂಗ್ಲಿಷ್ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರೊಳಗೆ ಸಿಂಹವೂ ದ್ವೀಪವೂ ಅಡಗಿವೆ, ಹುಡುಕಿ ಎಂದು ಮಕ್ಕಳಿಗೆ ಹೇಳಬಹುದು. ದ್ವೀಪವು ‘ಡಿಪ್’ ಆಗಿ ಉಳಿದುಕೊಂಡಿದೆ. ಲಕ್ಷದ್ವೀಪದಲ್ಲಿ ಹಾಗೆಯೇ ಇರುವ, ಮಾಲ್ಡೀವ್ಸ್‌ನಲ್ಲಿ ‘ಡೀವ್’ ಆಗಿರುವ, ಗುಜರಾತಿನ ಕರಾವಳಿಯಲ್ಲಿ ‘ದಿಯು’ ಎಂದಷ್ಟೇ ಉಳಿದಿರುವ ಪದವೇ ಅದು. ಉಚ್ಚಾರಣೆಯಲ್ಲಿ ಒತ್ತು ಬೀಳಬೇಕಾದದ್ದೂ ಆ ‘ಡಿ’ಯ ಮೇಲೆಯೇ: ಸೆ-ರೆನ್-ಡಿ-ಪಿ-ಟಿ.

ಅಡ್ಡಪ್ರಶ್ನೆ:

ಎಲ್ಲವೂ ಚೆನ್ನಾಗಿದೆ, ಆದರೆ ನನಗೊಂದು ತಕರಾರಿದೆ. ಆ ಕಥೆಯನ್ನು ಓದಿದವರು ಯಾರಾದರೂ ಇಲ್ಲಿದ್ದಾರೆಯೇ? ರಾಜಕುಮಾರರು ಅದರಲ್ಲಿ ಆಕಸ್ಮಿಕವಾಗಿ ಏನನ್ನೂ ಕಂಡುಹಿಡಿಯುವುದಿಲ್ಲ. ಅವರು ಮಾಡುವುದು ಪತ್ತೇದಾರಿಕೆ. ಸುಳಿವುಗಳನ್ನು ನೋಡಿ ತರ್ಕಿಸುವ ಕೆಲಸಕ್ಕೆ ಆಕಸ್ಮಿಕವೆಂಬ ಹೆಸರು ಹೇಗೆ ಒಪ್ಪುತ್ತದೆ? ಪದ ಕಟ್ಟಿದವನೇ ತನ್ನ ಉದಾಹರಣೆಯನ್ನು ತಪ್ಪಾಗಿ ಆರಿಸಿಕೊಂಡಿದ್ದಾನೆಂದು ನನ್ನ ಅಭಿಪ್ರಾಯ. ಹಾಗಿರುವಾಗ ಮೂರು ಷರತ್ತುಗಳನ್ನು ವೇದವಾಕ್ಯವೆಂದು ಮಕ್ಕಳ ಮೇಲೆ ಹೇರುವುದು ಸರಿಯೇ?

ಹಳೆಯ ಗ್ರಂಥಪಾಲಕ:

ಅಡ್ಡಪ್ರಶ್ನೆಯವರ ತಕರಾರು ನ್ಯಾಯವಾದದ್ದೇ. ಓದದವರಿಗಾಗಿ ಕಥೆಯ ಆ ಭಾಗವನ್ನು ಹೇಳಿಬಿಡುತ್ತೇನೆ.

ಸೆರೆಂಡಿಪ್ಪಿನ ಅರಸ ತನ್ನ ಮೂವರು ಮಕ್ಕಳಿಗೆ ಒಳ್ಳೆಯ ವಿದ್ಯೆ ಕೊಡಿಸಿ, ಲೋಕಾನುಭವವಾಗಲೆಂದು ಹೊರಗೆ ಕಳುಹಿಸುತ್ತಾನೆ. ಪಾರಸಿಕ ದೊರೆ ಬಹರಾಮನ ಸೀಮೆಯಲ್ಲಿ ಅವರಿಗೆ ಒಂಟೆ ಕಳೆದುಕೊಂಡವನೊಬ್ಬ ಎದುರಾಗುತ್ತಾನೆ. ನಿನ್ನ ಒಂಟೆಗೆ ಒಂದು ಕಣ್ಣು ಕುರುಡಲ್ಲವೇ, ಒಂದು ಹಲ್ಲು ಬಿದ್ದಿದೆಯಲ್ಲವೇ, ಒಂದು ಕಾಲು ಕುಂಟಲ್ಲವೇ ಎಂದು ಅವರು ಕೇಳುತ್ತಾರೆ. ಒಂದು ಪಕ್ಕದಲ್ಲಿ ಬೆಣ್ಣೆ, ಇನ್ನೊಂದು ಪಕ್ಕದಲ್ಲಿ ಜೇನು ಹೇರಿತ್ತು, ಮೇಲೆ ಬಸುರಿ ಹೆಂಗಸೊಬ್ಬಳು ಕುಳಿತಿದ್ದಳು ಎಂದೂ ಹೇಳುತ್ತಾರೆ. ಒಂಟೆಯನ್ನೇ ನೋಡಿಲ್ಲವೆಂದ ಮೇಲೆ ಇಷ್ಟೆಲ್ಲ ಹೇಗೆ ಗೊತ್ತಾಯಿತೆಂದು ಅವರನ್ನು ಕಳ್ಳರೆಂದು ಸೆರೆಗೆ ಹಾಕಲಾಗುತ್ತದೆ. ಒಂಟೆ ಸಿಕ್ಕಿದ ಮೇಲೆ ದೊರೆ ಅವರನ್ನು ಬಿಡಿಸಿ ಕೇಳಿದಾಗ ವಿವರ ಹೊರಬೀಳುತ್ತದೆ. ದಾರಿಯ ಒಂದು ಬದಿಯಲ್ಲಿ ಹುಲ್ಲು ಸೊಂಪಾಗಿದ್ದರೂ ಒಂಟೆ ಇನ್ನೊಂದು ಬದಿಯ ಬಡಕಲು ಹುಲ್ಲನ್ನೇ ಮೇದಿತ್ತು. ಅಗಿದು ಉದುರಿದ ಹುಲ್ಲಿನ ತುಣುಕುಗಳು ಹಲ್ಲಿನ ಸಂದಿಯಷ್ಟು ಅಗಲವಿದ್ದವು. ಮೂರು ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದು ನಾಲ್ಕನೆಯದು ಎಳೆದಂತಿತ್ತು. ಒಂದು ಕಡೆ ಬೆಣ್ಣೆಗೆ ಮುತ್ತಿದ ಇರುವೆಗಳ ಸಾಲು, ಇನ್ನೊಂದು ಕಡೆ ಜೇನಿಗೆ ಮುತ್ತಿದ ನೊಣಗಳ ಹಿಂಡು ಇದ್ದವು. ಕೆಳಗಿಳಿದ ಹೆಂಗಸು ಏಳುವಾಗ ಎರಡೂ ಕೈಗಳನ್ನು ನೆಲಕ್ಕೆ ಊರಿದ್ದರಿಂದ ಅವಳು ತುಂಬಿದ ಗರ್ಭಿಣಿಯಿರಬೇಕೆಂದು ಅವರು ಊಹಿಸಿದ್ದರು.

ಇದು ದೆಹಲಿಯ ಕವಿ ಅಮೀರ್ ಖುಸ್ರೋ 1302ರ ಸುಮಾರಿಗೆ ಪಾರಸಿಯಲ್ಲಿ ರಚಿಸಿದ ಕಾವ್ಯದಲ್ಲಿ ಬರುವ ಕಥೆ. ಅಲ್ಲಿಂದ ಅದು 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ಪುಸ್ತಕವಾಗಿ ಅಚ್ಚಾಯಿತು, ಮುಂದೆ ಫ್ರೆಂಚಿಗೆ, 1722ರಲ್ಲಿ ಇಂಗ್ಲಿಷಿಗೆ ಬಂತು. ಲಂಕೆಯ ಹೆಸರು, ದೆಹಲಿಯ ಕವಿ, ಪಾರಸಿ ಭಾಷೆ, ವೆನಿಸ್‌ನ ಅಚ್ಚಿನಮನೆ, ಇಷ್ಟನ್ನೂ ದಾಟಿ ಬಂದ ಕಥೆಯನ್ನು ವಾಲ್‌ಪೋಲ್ ಅರೆಬರೆಯಾಗಿ ನೆನಪಿಟ್ಟುಕೊಂಡಿದ್ದ. ಅವನ ಪತ್ರದಲ್ಲಿ ಒಂಟೆಯು ಹೇಸರಗತ್ತೆಯಾಗಿದೆ! ಅಡ್ಡಪ್ರಶ್ನೆಯವರು ಹೇಳಿದಂತೆ ಉದಾಹರಣೆ ಲಕ್ಷಣಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಅಂಶ ಹೊಂದುತ್ತದೆ. ರಾಜಕುಮಾರರು ಒಂಟೆಯನ್ನು ಹುಡುಕಿಕೊಂಡು ಹೊರಟವರಲ್ಲ. ಹುಲ್ಲು, ಇರುವೆ, ಹೆಜ್ಜೆ ದಾರಿಯಲ್ಲಿ ತಾವಾಗಿ ಸಿಕ್ಕವು. ಅದೇ ದಾರಿಯಲ್ಲಿ ಅದೇ ದಿನ ನಡೆದುಹೋದ ಉಳಿದವರಿಗೂ ಅವು ಸಿಕ್ಕಿದ್ದವು, ಆದರೆ ಕಾಣಲಿಲ್ಲ.

ಪದದ ಮುಂದಿನ ಬದುಕು ಇನ್ನೂ ವಿಚಿತ್ರ. ಆ ಪತ್ರಗಳು ಅಚ್ಚಾದದ್ದೇ 1833ರಲ್ಲಿ. ಅದಾದ ಮೇಲೂ, 1875ರಲ್ಲಿ ಎಡ್ವರ್ಡ್ ಸಾಲಿ ಎಂಬ ರಸಾಯನಶಾಸ್ತ್ರಜ್ಞ ಓದುಗರ ಪತ್ರಿಕೆಯೊಂದರಲ್ಲಿ ಬಳಸುವವರೆಗೆ ಯಾರೂ ಅದನ್ನು ಮುಟ್ಟಿದಂತೆ ಕಾಣುವುದಿಲ್ಲ. ಹುಟ್ಟಿದ ಮೇಲೆ ನೂರಿಪ್ಪತ್ತು ವರ್ಷ ಮಲಗಿದ್ದ ಪದವಿದು.

ಮಸ್ಕಿ ಸೀಮೆಯವನು:

ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ನಮ್ಮ ರಾಯಚೂರು ಜಿಲ್ಲೆಯ ಹೆಸರು ಇನ್ನೂ ಬಾರದಿರುವುದರಿಂದ ಬರೆಯಲೇಬೇಕಾಯಿತು. ಮೇಡಂ ಅವರು ಮಕ್ಕಳಿಗೆ ಹೇಳಲು ಉದಾಹರಣೆ ಹುಡುಕುತ್ತಿದ್ದರೆ ಲಂಡನ್ನಿಗೆ ಹೋಗಬೇಕಾಗಿಲ್ಲ, ಮಸ್ಕಿಗೆ ಬಂದರೆ ಸಾಕು.

ನಮ್ಮ ಭಾಗದ ನೆಲದಲ್ಲಿ ಚಿನ್ನವಿದೆ, ಹಟ್ಟಿಯ ಗಣಿ ಇವತ್ತಿಗೂ ನಡೆಯುತ್ತಿದೆ. ಆಗ ಈ ಸೀಮೆ ನಿಜಾಮರ ಆಳ್ವಿಕೆಗೆ ಸೇರಿತ್ತು. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳಿರುವುದನ್ನು ಗಮನಿಸಿದರು. ಬಂಡೆಯನ್ನು ಆ ಊರಿನವರು ತಲೆಮಾರುಗಳಿಂದ ನೋಡಿಯೇ ಇದ್ದರು. ದನ ಕಾಯುವವರು ಅದರ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿರುತ್ತಾರೆ. ಶಾಸನತಜ್ಞ ಹೆಚ್. ಕೃಷ್ಣಶಾಸ್ತ್ರಿಯವರು ಅದನ್ನು ಓದಿ ಪ್ರಕಟಿಸಿದಾಗ ತಿಳಿದದ್ದು ಇಷ್ಟು: ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಮತ್ತು ಆರಂಭದಲ್ಲೇ ‘ದೇವಾನಂಪಿಯಸ ಅಸೋಕಸ’, ಅಂದರೆ ದೇವರಿಗೆ ಪ್ರಿಯನಾದ ಅಶೋಕನ, ಎಂಬ ಮಾತು.

ಇದರ ಮಹತ್ವ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಲ್ಲಿಯವರೆಗೆ ದೇಶದುದ್ದಕ್ಕೂ ಸಿಕ್ಕ ಈ ಅರಸನ ಶಾಸನಗಳಲ್ಲಿ ಅವನ ಹೆಸರು ‘ದೇವಾನಂಪಿಯ ಪಿಯದಸಿ’ ಎಂದಷ್ಟೇ ಇತ್ತು, ಅಶೋಕ ಎಂಬ ಹೆಸರು ಎಲ್ಲೂ ಇರಲಿಲ್ಲ. ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಲಿಗೆ ಈ ಅರಸ ಸಿಂಹಳದ ದೇವಾನಂಪಿಯ ತಿಸ್ಸನಿರಬೇಕೆಂದು ಭಾವಿಸಿದ್ದರು. 1837ರಲ್ಲಿ, ಸಿಲೋನಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಳಿ ವಂಶಚರಿತೆಯಲ್ಲಿ ಪಿಯದಸ್ಸಿ ಎಂಬುದು ಅಶೋಕನ ಇನ್ನೊಂದು ಹೆಸರೆಂದು ಕಂಡುಕೊಂಡರು. ಪದಮೋಹಿಯವರು ಹೇಳಿದ ಸೆರೆಂಡಿಪ್ಪಿನ ತಾಳೆಗರಿಯಲ್ಲಿದ್ದ ಆ ಮಾತಿಗೆ ಕಲ್ಲಿನ ಸಾಕ್ಷಿ ದೊರೆತದ್ದು ಎಪ್ಪತ್ತೆಂಟು ವರ್ಷಗಳ ಮೇಲೆ, ಮಸ್ಕಿಯಲ್ಲಿ, ಗಣಿ ಎಂಜಿನಿಯರೊಬ್ಬರ ಕಣ್ಣಿನಿಂದ. ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳದಲ್ಲಿ ಅದೇ ಹೆಸರಿರುವ ಶಾಸನಗಳು ಸಿಕ್ಕದ್ದು ಬಹಳ ತಡವಾಗಿ.

ಪದಮೋಹಿ:

ಮಸ್ಕಿಯವರ ಬರಹ ಓದಿ ಒಂದು ಸಂಗತಿ ಹೊಳೆಯಿತು. ವಾಲ್‌ಪೋಲ್ ಪತ್ರ ಬರೆದದ್ದು ಜನವರಿ 28, ಬೀಡನ್ ಶಾಸನ ಕಂಡದ್ದು ಜನವರಿ 27. ನೂರ ಅರವತ್ತೊಂದು ವರ್ಷಗಳಿಗೆ ಒಂದು ದಿನ ಕಡಿಮೆ! ಇದಕ್ಕೆ ಏನನ್ನಬೇಕು?

ಅಡ್ಡಪ್ರಶ್ನೆ:

ಇದಕ್ಕೆ ಕಾಕತಾಳೀಯ ಎನ್ನಬೇಕು, ಸೆರೆಂಡಿಪಿಟಿ ಎನ್ನಬಾರದು. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು, ಅಷ್ಟೇ. ಅದರಿಂದ ಯಾರಿಗೂ ಏನೂ ದೊರಕಲಿಲ್ಲ, ಕಾಗೆಗಂತೂ ಇಲ್ಲವೇ ಇಲ್ಲ. ಮೇಡಂ, ‘ಕೋಇನ್ಸಿಡೆನ್ಸ್’ ಎಂಬ ಪದಕ್ಕೂ ಸೆರೆಂಡಿಪಿಟಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಲು ಈ ಎರಡು ದಿನಾಂಕಗಳನ್ನೇ ಬಳಸಿಕೊಳ್ಳಬಹುದು. ನನ್ನ ಹಿಂದಿನ ತಕರಾರನ್ನು ಅರ್ಧ ಹಿಂತೆಗೆದುಕೊಂಡಿದ್ದೇನೆ, ಇನ್ನರ್ಧ ಉಳಿದಿದೆ. ಬೀಡನ್ನರಿಗೆ ಅಕ್ಷರ ಕಂಡಿತು, ಓದಲು ಬರಲಿಲ್ಲ. ಓದಿದವರು ಬೇರೆ. ಆಕಸ್ಮಿಕ ಒಬ್ಬರದು, ಬುದ್ಧಿ ಇನ್ನೊಬ್ಬರದು. ಆಗಲೂ ಆ ಪದ ಸಲ್ಲುತ್ತದೆಯೇ?

ಹಳೆಯ ಗ್ರಂಥಪಾಲಕ:

ಸಲ್ಲುತ್ತದೆ ಎಂದೇ ನನ್ನ ತಿಳಿವಳಿಕೆ. ಗೀರು ಬಿದ್ದ ಕಲ್ಲಿಗೂ ಬರೆದ ಕಲ್ಲಿಗೂ ಇರುವ ವ್ಯತ್ಯಾಸ ಬೀಡನ್ನರಿಗೆ ತಿಳಿಯಿತು, ಚಿನ್ನವಲ್ಲವೆಂದು ಮುಂದೆ ಹೋಗದೆ ತಿಳಿಸಬೇಕಾದವರಿಗೆ ತಿಳಿಸಿದರು. ಅದೂ ಬುದ್ಧಿಯೇ.

ಆದರೆ ಎರಡೂ ಒಂದೇ ಮೇಜಿನ ಮೇಲೆ ಕೂಡಿಬಂದ ಉದಾಹರಣೆಯೊಂದು ಮೈಸೂರಿನಲ್ಲಿದೆ. 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟಿದ್ದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಯವರು ಅದನ್ನು ಬಿಚ್ಚಿ ಓದಿ, ಶತಮಾನಗಳಿಂದ ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಇದೆಂದು ಗುರುತಿಸಿದರು. ಅದು 1905ರ ಮಾತು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಪ್ರಕಟಿಸಿದರು. ಅವರು ಅರ್ಥಶಾಸ್ತ್ರವನ್ನು ಹುಡುಕುತ್ತಿರಲಿಲ್ಲ. ಗ್ರಂಥಪಾಲಕರ ನಿತ್ಯದ ಕೆಲಸದಂತೆ ಬಂದ ಓಲೆಗಳನ್ನು ನೋಡುತ್ತಿದ್ದರು. ಅದೇ ಕಟ್ಟು ನನ್ನಂಥವನ ಕೈಗೆ ಬಂದಿದ್ದರೆ ‘ವಿಷಯ: ನೀತಿ, ಅಪೂರ್ಣ’ ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದೆನೋ ಏನೋ. ಮೂವತ್ತು ವರ್ಷ ಚೀಟಿ ಅಂಟಿಸಿದ ಕೈ ಇದು, ಆದ್ದರಿಂದ ಹೇಳುತ್ತಿದ್ದೇನೆ.

ಕಡಲಾಚೆಯ ಪ್ರಯೋಗಾಲಯ:

ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿದ್ದೇನೆ. ಈ ಪದವನ್ನು ಇಲ್ಲಿ ದಿನಕ್ಕೊಂದು ಬಾರಿಯಾದರೂ ಕೇಳುತ್ತೇನೆ, ಹಾಗಾಗಿ ಈಗಿನ ಬಳಕೆಯ ಬಗ್ಗೆ ಬರೆಯಬಹುದೆನಿಸಿತು.

ವಿಜ್ಞಾನಿಗಳ ವಲಯದಲ್ಲಿ ಇದನ್ನು ಹರಡಿದವರಲ್ಲಿ ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಮುಖ್ಯರು, 1940ರ ದಶಕದಲ್ಲಿ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದರ ಚರಿತ್ರೆಯನ್ನೇ ಎಲಿನಾರ್ ಬಾರ್ಬರ್ ಅವರೊಂದಿಗೆ ಪುಸ್ತಕವಾಗಿ ಬರೆದರು. ಹಸ್ತಪ್ರತಿ 1958ರಲ್ಲಿ ಮುಗಿದಿದ್ದರೂ ಅದು ಇಂಗ್ಲಿಷಿನಲ್ಲಿ ಅಚ್ಚಾದದ್ದು 2004ರಲ್ಲಿ, ಮರ್ಟನ್ ತೀರಿಕೊಂಡ ಮರುವರ್ಷ. ಈ ಪದ ಮರ್ಟನ್ನರಿಗೆ ಮೊದಲು ಸಿಕ್ಕ ರೀತಿಯೂ ಸೊಗಸಾಗಿದೆ: ಆಕ್ಸ್‌ಫರ್ಡ್ ನಿಘಂಟಿನಲ್ಲಿ ಬೇರೆ ಯಾವುದೋ ಪದವನ್ನು ಹುಡುಕುತ್ತಿದ್ದಾಗ ಇದು ಅವರ ಕಣ್ಣಿಗೆ ಬಿದ್ದಿತ್ತು.

ಪೆನ್ಸಿಲಿನ್ನಿನ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬೆಳೆಸುವುದಿಲ್ಲ. 1928ರಲ್ಲಿ ಫ್ಲೆಮಿಂಗರ ತಟ್ಟೆಗೆ ಬೂಸ್ಟು ಬಂದದ್ದು ಆಕಸ್ಮಿಕ, ತಟ್ಟೆ ತೊಳೆಯದೆ ಬೂಸ್ಟಿನ ಸುತ್ತ ಬ್ಯಾಕ್ಟೀರಿಯಾಗಳು ಏಕೆ ಸತ್ತಿವೆಯೆಂದು ಯೋಚಿಸಿದ್ದು ಬುದ್ಧಿ. ವೀಕ್ಷಣೆಯ ಕ್ಷೇತ್ರದಲ್ಲಿ ಆಕಸ್ಮಿಕವು ಒಲಿಯುವುದು ಸಿದ್ಧವಾದ ಮನಸ್ಸಿಗೆ ಮಾತ್ರ ಎಂಬ ಅರ್ಥದ ಮಾತನ್ನು ಲೂಯಿ ಪಾಸ್ಚರ್ 1854ರಲ್ಲೇ ಆಡಿದ್ದರು. ಆ ಹೊತ್ತಿಗೆ ವಾಲ್‌ಪೋಲನ ಪದಕ್ಕೆ ಸರಿಯಾಗಿ ನೂರು ವರ್ಷ ತುಂಬಿತ್ತು, ಪದ ಮಾತ್ರ ಪಾಸ್ಚರರಿಗೆ ತಿಳಿದಿರಲಾರದು.

ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ಇಂದಿನ ಇಂಗ್ಲಿಷಿನಲ್ಲಿ ಈ ಪದದ ಅರ್ಥದ ಎರಡನೆಯ ಅರ್ಧ, ಅಂದರೆ ಬುದ್ಧಿಯ ಭಾಗ, ಸವೆದುಹೋಗಿದೆ. ಕಾಫಿ ಅಂಗಡಿಯಲ್ಲಿ ಹಳೆಯ ಗೆಳತಿ ಸಿಕ್ಕಳು, ಅದು ಸೆರೆಂಡಿಪಿಟಿ. ಮಳೆಗೆ ನಿಂತ ಕಡೆ ಒಳ್ಳೆಯ ಪುಸ್ತಕದಂಗಡಿ ಕಂಡಿತು, ಅದೂ ಸೆರೆಂಡಿಪಿಟಿ. ಈಗಿನ ನಿಘಂಟುಗಳು ಹಿತವಾದ ಆಕಸ್ಮಿಕ ಎಂಬ ಸಡಿಲ ಅರ್ಥವನ್ನೂ ಕೊಡುತ್ತವೆ. ಆದ್ದರಿಂದ ಮೇಡಂ, ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ಸಡಿಲ ಅರ್ಥದಲ್ಲಿ ಬಳಸಿದರೆ ಅಂಕ ಕಡಿಯಬೇಡಿ. ಆದರೆ ಸಿಕ್ಕಿದ್ದು ಹಿತವಾಗಿರಬೇಕು ಎಂಬ ಷರತ್ತು ಮಾತ್ರ ಸಡಿಲವಾಗಿಲ್ಲ. ಅಪಘಾತಕ್ಕೆ, ಕಳ್ಳತನಕ್ಕೆ, ತಪ್ಪಿದ ಬಸ್ಸಿಗೆ ಈ ಪದ ಇಂದಿಗೂ ಸಲ್ಲದು.

ಶಿರಸಿ ಸೀಮೆಯ ಓದುಗ:

ಹಾಗಾದರೆ ನನ್ನ ಮನೆಯ ಪ್ರಸಂಗವನ್ನು ತಮ್ಮೆಲ್ಲರ ಮುಂದಿಡುತ್ತೇನೆ, ಸಲ್ಲುತ್ತದೆಯೋ ಇಲ್ಲವೋ ತೀರ್ಮಾನಿಸಿ. ಕಳೆದ ವರ್ಷ ತಂದೆಯವರ ಕಾಲದ ತೆರಿಗೆ ರಸೀದಿಯೊಂದನ್ನು ಹುಡುಕಲು ಅಟ್ಟ ಹತ್ತಿದ್ದೆ. ರಸೀದಿ ಸಿಗಲಿಲ್ಲ. ಹಳೆಯ ಮರದ ಪೆಟ್ಟಿಗೆಯ ತಳದಲ್ಲಿ ಕಪ್ಪು ಬಟ್ಟೆಯ ಗಟ್ಟಿ ಮಡಿಕೆಯೊಂದು ಸಿಕ್ಕಿತು. ಹರಿದ ಛತ್ರಿಯ ಬಟ್ಟೆಯಿರಬೇಕೆಂದು ಬಚ್ಚಲ ಒಲೆಯ ಪಕ್ಕಕ್ಕೆ ಎಸೆದೆ. ಮಧ್ಯಾಹ್ನ ಊಟಕ್ಕೆ ಬಂದ ಸೋದರಮಾವ ಕೈಕಾಲು ತೊಳೆಯಲು ಅಲ್ಲಿಗೆ ಹೋದವರು ಅದನ್ನು ಹಿಡಿದುಕೊಂಡೇ ಹೊರಗೆ ಬಂದರು. “ಇದು ಕಡತ ಮಾರಾಯ, ಒಲೆಗೆ ಹಾಕುತ್ತಿದ್ದೆಯಲ್ಲ!” ಎಂದರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಬಿಚ್ಚಿದರೆ ಅಡಿಕೆಯ ತೂಕ, ಕೊಟ್ಟ ಸಾಲ, ಬಂದ ಬಡ್ಡಿಯ ವಿವರಗಳಿದ್ದವು. ಮಾವ ಮೋಡಿ ಅಕ್ಷರ ಬಲ್ಲವರು, ಸಂಜೆಯವರೆಗೆ ಓದಿದರು.

ಮಸ್ಕಿ ಸೀಮೆಯವನು:

ಸಲ್ಲುತ್ತದೆ, ಆದರೆ ಅದು ತಮ್ಮ ಸೆರೆಂಡಿಪಿಟಿಯಲ್ಲ, ತಮ್ಮ ಮಾವನವರದು. ತಮ್ಮ ಪಾಲಿಗೆ ಬಂದದ್ದು ಆಕಸ್ಮಿಕ ಮಾತ್ರ. ಬೇಸರಿಸಬಾರದು.

ಇದೇ ಬಗೆಯ ಇನ್ನೊಂದು ಘಟನೆ ಕಲಬುರಗಿ ಕಡೆಯ ಸನ್ನತಿಯಲ್ಲಿ ನಡೆದಿದೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದು ವಿಗ್ರಹ ಭಗ್ನವಾಯಿತು. ತೆರವು ಮಾಡುವಾಗ, ವಿಗ್ರಹವನ್ನು ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ವಿಗ್ರಹವನ್ನು ನೆಡಲು ಅಕ್ಷರಗಳ ನಡುವೆಯೇ ಚೌಕವಾಗಿ ರಂಧ್ರ ಕೊರೆದಿದ್ದರು. ಇದನ್ನು ನಾನು ಸೆರೆಂಡಿಪಿಟಿ ಎಂದು ಕರೆಯಲು ಹಿಂಜರಿಯುತ್ತೇನೆ. ಛಾವಣಿ ಬಿದ್ದದ್ದು ದುರ್ಘಟನೆ, ದೇವಿಯ ಮೂರ್ತಿ ಒಡೆದದ್ದು ಊರಿಗೆ ದುಃಖ. ಒಂದೇ ಘಟನೆಯಲ್ಲಿ ಹಿತವೂ ಅಹಿತವೂ ಇರುವಾಗ ಪದವನ್ನು ಯಾವುದಕ್ಕೆ ಹೊಂದಿಸುವುದು?

ಕಡಲಾಚೆಯ ಪ್ರಯೋಗಾಲಯ:

ಪದವನ್ನು ಶೋಧಕ್ಕೆ ಹೊಂದಿಸಬೇಕು, ಕುಸಿತಕ್ಕಲ್ಲ. ಇಂಗ್ಲಿಷಿನಲ್ಲಿ ಶಾಸನದ ಶೋಧವನ್ನು ‘ಸೆರೆಂಡಿಪಿಟಸ್’ ಎನ್ನಬಹುದು, ಛಾವಣಿಯ ಕುಸಿತವನ್ನು ಹಾಗೆನ್ನುವಂತಿಲ್ಲ. ಅಂದಹಾಗೆ, ಇದಕ್ಕೆ ವಿರುದ್ಧಪದವನ್ನೂ ಒಬ್ಬರು ಕಟ್ಟಿದ್ದಾರೆ. ಬ್ರಿಟಿಷ್ ಕಾದಂಬರಿಕಾರ ವಿಲಿಯಂ ಬಾಯ್ಡ್ 1998ರಲ್ಲಿ, ಹಿಮ ಮುಚ್ಚಿದ ನೋವಾ ಜೆಂಬ್ಲಾ ದ್ವೀಪಸಮೂಹದ ಹೆಸರಿನಿಂದ ‘ಜೆಂಬ್ಲಾನಿಟಿ’ ಎಂಬುದನ್ನು ಮಾಡಿದರು. ಬಳಸುವವರು ವಿರಳ, ಮಕ್ಕಳಿಗೆ ಹೇಳುವ ಅಗತ್ಯವಿಲ್ಲ.

ತುಂಗಾತೀರದ ಉಪನ್ಯಾಸಕಿ:

ಎಲ್ಲರಿಗೂ ಕೃತಜ್ಞತೆಗಳು. ನಾನು ಕೇಳಿದ್ದಕ್ಕಿಂತ ಹೆಚ್ಚು ದೊರಕಿತು. ನನ್ನ ಮೂರನೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ‘ಅರಸುವ ಬಳ್ಳಿ ಕಾಲಿಗೆ ತೊಡರಿದಂತೆ’ ಎಂಬ ಗಾದೆ ಸರಿಹೊಂದುತ್ತದೆಯೇ?

ಪದಮೋಹಿ:

ಸರಿಹೊಂದುವಂತೆ ಕಾಣುತ್ತದೆ, ಆದರೆ ಹೊಂದುವುದಿಲ್ಲ ಮೇಡಂ. ಆ ಗಾದೆಯಲ್ಲಿ ಕಾಲಿಗೆ ತೊಡರುವುದು ಅರಸುತ್ತಿದ್ದ ಬಳ್ಳಿಯೇ. ಬೀಡನ್ನರ ಕಾಲಿಗೆ ಚಿನ್ನ ತೊಡರಿದ್ದರೆ ಈ ಗಾದೆಯನ್ನು ಹೇಳಬಹುದಿತ್ತು. ಸೆರೆಂಡಿಪಿಟಿಯಲ್ಲಿ ಅರಸಿದ್ದು ಒಂದು ಬಳ್ಳಿ, ತೊಡರಿದ್ದು ಇನ್ನೊಂದು.

ಸಂಸ್ಕೃತದ ನ್ಯಾಯಗಳಲ್ಲಿ, ಅಂದರೆ ದೃಷ್ಟಾಂತದ ನಾಣ್ಣುಡಿಗಳಲ್ಲಿ, ಹುಡುಕಿ ನೋಡಿದೆ. ಕಾಕತಾಳೀಯದ ಚರ್ಚೆ ಮೇಲೆ ಆಗಿದೆ. ‘ಘುಣಾಕ್ಷರ ನ್ಯಾಯ’ ಎಂಬುದೊಂದಿದೆ: ಮರದ ಹುಳು ಕೊರೆಯುತ್ತ ಹೋದ ಗೆರೆ ಅಕ್ಷರದಂತೆ ಕಾಣುವುದು. ಅಲ್ಲಿ ಹುಳುವಿಗೆ ಅಕ್ಷರದ ಅರಿವೇ ಇಲ್ಲ, ಹಾಗಾಗಿ ಬುದ್ಧಿಯ ಭಾಗ ಬಿಟ್ಟುಹೋಗುತ್ತದೆ. ಕುರುಡನ ಕೈಗೆ ಗುಬ್ಬಿ ಸಿಕ್ಕಂತೆ ಎಂಬ ‘ಅಂಧಚಟಕ ನ್ಯಾಯ’ವೂ ಹಾಗೆಯೇ. ನಮ್ಮ ಹಿರಿಯರು ಆಕಸ್ಮಿಕದ ಬಗೆಗಳನ್ನು ಇಷ್ಟು ನುಣ್ಣಗೆ ವಿಂಗಡಿಸಿದ್ದರೂ, ಆಕಸ್ಮಿಕವನ್ನು ಬುದ್ಧಿಯೊಂದಿಗೆ ಗಂಟುಹಾಕಿದ ನ್ಯಾಯ ನನಗೆ ಕಾಣಲಿಲ್ಲ. ಹೊಸದಾಗಿ ಕಟ್ಟುವುದಾದರೆ ‘ಎಡವುಗಾಣ್ಕೆ’ ಎಂದು ಸೂಚಿಸುತ್ತೇನೆ. ಎಡವಿದಾಗ ಆದ ಕಾಣ್ಕೆ.

ಹಳೆಯ ಗ್ರಂಥಪಾಲಕ:

‘ಎಡವುಗಾಣ್ಕೆ’ ಕಿವಿಗೆ ಹಿತವಾಗಿದೆ, ಆದರೆ ತರಗತಿಯಲ್ಲಿ ಆ ಪದಕ್ಕೇ ಮತ್ತೊಂದು ಟಿಪ್ಪಣಿ ಬರೆಸಬೇಕಾಗುತ್ತದೆ. ಇಂಗ್ಲಿ‌ಷಿನಲ್ಲಿ ನಾಮಪದವಾಗಿರುವುದೆಲ್ಲ ಕನ್ನಡದಲ್ಲೂ ನಾಮಪದವೇ ಆಗಬೇಕೆಂಬ ಹಠ ನಮಗೆ ಬೇಡ. ಕನ್ನಡ ಇಂಥ ಅರ್ಥವನ್ನು ಕ್ರಿಯಾಪದದಲ್ಲಿ ಸಲೀಸಾಗಿ ಹೇಳುತ್ತದೆ: “ಚಿನ್ನವನ್ನು ಅರಸಿ ಹೋದವರಿಗೆ ಶಾಸನ ಕಂಡಿತು.” ಪದವನ್ನೇ ಹೇಳಬೇಕಾದ ಕಡೆ, ಸಿಂಹಳದ್ವೀಪದಿಂದ ಹೊರಟು ಲೋಕ ಸುತ್ತಿ ಬಂದಿರುವ ‘ಸೆರೆಂಡಿಪಿಟಿ’ಯನ್ನೇ ಉಳಿಸಿಕೊಳ್ಳಬಹುದು.

ತುಂಗಾತೀರದ ಉಪನ್ಯಾಸಕಿ:

ಇಂದಿನ ತರಗತಿ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಒಂಟೆಯ ಕಥೆಯನ್ನೂ ಮಸ್ಕಿಯ ಬಂಡೆಯನ್ನೂ ಹೇಳಿ, ಹೊಸ ವಾಕ್ಯ ಬರೆಸಿದೆ. ಲಾಟರಿಯ ಹುಡುಗ ಈ ಬಾರಿ, ಕಳೆದ ಚಪ್ಪಲಿಯನ್ನು ಹುಡುಕುವಾಗ ಮಂಚದ ಕೆಳಗೆ ಅಜ್ಜಿಯ ಕಿವಿಯೋಲೆಯನ್ನು ಕಂಡು, ಅದು ಚಿನ್ನದ್ದೆಂದು ಗುರುತಿಸಿದ್ದಾಗಿ ಬರೆದಿದ್ದಾನೆ. ಪೂರ್ಣ ಅಂಕ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿ ಇನ್ನೊಂದು ಪ್ರಶ್ನೆ ತೆಗೆದಿದ್ದಾಳೆ: ಎರಡು ಬಾರಿ ಹೀಗಾದರೆ ಈ ಪದಕ್ಕೆ ಬಹುವಚನ ಹಚ್ಚಬಹುದೇ, ಮುಂದೆ ‘ಎ’ ಸೇರಿಸಬಹುದೇ?

ಕಡಲಾಚೆಯ ಪ್ರಯೋಗಾಲಯ:

ಸಾಮಾನ್ಯ ಬಳಕೆಯಲ್ಲಿ ಇದು ಎಣಿಸಲಾಗದ ನಾಮಪದ, ‘ಲಕ್’ ಇದ್ದಂತೆ. ಆದ್ದರಿಂದ ಮುಂದೆ ‘ಎ’ ಬೇಡ. ಎಣಿಸಲೇಬೇಕಾದರೆ ‘ಎ ಸ್ಟ್ರೋಕ್ ಆಫ್ ಸೆರೆಂಡಿಪಿಟಿ’ ಎಂದು ಬರೆದು, ಬಹುವಚನವನ್ನು ‘ಸ್ಟ್ರೋಕ್’ಗೆ ಹಚ್ಚಬೇಕು. ಬಹುವಚನ ರೂಪವನ್ನು ಕೆಲವು ಲೇಖಕರು ಬಳಸಿರುವುದುಂಟು, ಪರೀಕ್ಷೆಯಲ್ಲಿ ಬೇಡವೆನ್ನಿ.